ರಜೆ ಹಾಕಿದ ಬಸ್ಸು

ಭಾನುವಾರ, ಊಟದ ನಂತರ

ಅತ್ತೆಗೆ ‘ಸಮ್ಮರ್ ಹಾಲಿಡೇ’ ಹಾಕಿ ತೋರಿಸಿದೆ. 1963ರ ಬ್ರಿಟಿಷ್ ಚಿತ್ರ. ನಾಯಕ ಕ್ಲಿಫ್ ರಿಚರ್ಡ್, ಆ ಕಾಲದ ಇಂಗ್ಲೆಂಡಿನ ಹುಡುಗ ಹುಡುಗಿಯರು ಮುಗಿಬೀಳುತ್ತಿದ್ದ ಪಾಪ್ ಗಾಯಕ. ಅತ್ತೆಗೆ ಎಪ್ಪತ್ತೆಂಟು, ಇಂಗ್ಲಿಷ್ ಬಾರದು. ಕೇಳಿದರೆ ಕಥೆ ಹೇಳೋಣವೆಂದು ಪಕ್ಕದಲ್ಲೇ ಕೂತಿದ್ದೆ. ಅವರು ಕೇಳಲಿಲ್ಲ. ಕಾಲ ಹೆಬ್ಬೆರಳು ತಾನೇ ತಾಳ ಹಾಕುತ್ತಿತ್ತು. ತೆರೆಯ ಮೇಲೆ ಕೆಂಪು ಬಸ್ಸು ಬಂದಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದರು.

ಕಥೆ ಮೂರು ಸಾಲಿನದು. ಲಂಡನ್ನಿನ ಬಸ್ ಕಾರ್ಯಾಗಾರದ ನಾಲ್ವರು ಮೆಕ್ಯಾನಿಕ್ಕುಗಳು ಒಂದು ಡಬಲ್ ಡೆಕ್ಕರ್ ಬಸ್ಸನ್ನು ಮನೆಯಂತೆ ಸಜ್ಜುಮಾಡಿಕೊಂಡು ಯೂರೋಪಿನ ಪ್ರವಾಸ ಹೊರಡುತ್ತಾರೆ. ದಾರಿಯಲ್ಲಿ ಕಾರು ಕೆಟ್ಟು ನಿಂತ ಮೂವರು ಗಾಯಕಿಯರು ಜೊತೆಯಾಗುತ್ತಾರೆ. ಬಸ್ಸು ಅಥೆನ್ಸ್ ಸೇರುತ್ತದೆ. ಇಷ್ಟು ತೆಳುವಾದ ಕಥೆ ಇಷ್ಟೊಂದು ಸಂತೋಷವನ್ನು ಹೇಗೆ ಹೊರುತ್ತದೆ? ತಿಳಿಯುತ್ತಿಲ್ಲ. ಬರೆದಿಟ್ಟುಕೊಳ್ಳುತ್ತೇನೆ.

ಅದೇ ದಿನ, ರಾತ್ರಿ

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಇದು ಇವನದೇ ಗಂಟಲೇನೋ?”

ಹಾಗೆ ಕೇಳಲು ಅವರಿಗೆ ಕಾರಣವಿದೆ. ನಮ್ಮಲ್ಲಿ ತೆರೆಯ ಮೇಲಿನ ಮುಖ ಒಬ್ಬರದು, ದನಿ ಇನ್ನೊಬ್ಬರದು. ವರ್ಷಾನುಗಟ್ಟಲೆ ರಾಜ್‌ಕುಮಾರರ ತುಟಿಗೆ ಪಿ. ಬಿ. ಶ್ರೀನಿವಾಸರ ದನಿ ಒಪ್ಪಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್ ತಾವೇ ಹಾಡಿದಾಗ ಊರೆಲ್ಲ ಅದೇ ಮಾತಾಗಿತ್ತಂತೆ. “ಹೌದು ಅತ್ತೆ, ಇವನದೇ” ಎಂದೆ. ನಾಯಕಿ ಲಾರಿ ಪೀಟರ್ಸ್ ಹಾಡುಗಳಿಗೆ ಮಾತ್ರ ಗ್ರಜೀನಾ ಫ್ರೇಮ್ ದನಿ ಕೊಟ್ಟಿದ್ದಾರೆ. ಅದನ್ನೂ ಹೇಳಿದೆ. “ಅಲ್ಲೂ ಹಂಗೇನಾ!” ಎಂದು ಖುಷಿಪಟ್ಟರು.

ಹುಡುಗ ಹುಟ್ಟಿದ್ದು ನಮ್ಮ ಲಖನೌದಲ್ಲಿ, 1940ರಲ್ಲಿ, ಎಂದದ್ದಕ್ಕೆ ಎರಡನೇ ಲೋಟ ಕಾಫಿ ಸಿಕ್ಕಿತು.

ಸೋಮವಾರ

ಅತ್ತೆಯ ಪ್ರಶ್ನೆ ತಲೆಯಿಂದ ಇಳಿದಿಲ್ಲ. ನಮ್ಮ ಸಿನಿಮಾದಲ್ಲಿ ಕಥೆ ಇರುತ್ತದೆ, ಅದಕ್ಕೊಂದು ದನಿಯನ್ನು ಎರವಲು ತರುತ್ತಾರೆ. ಇಲ್ಲಿ ದನಿ ಆಗಲೇ ಮನೆಮನೆಯ ರೇಡಿಯೋದಲ್ಲಿದೆ, ಅದಕ್ಕೊಂದು ಕಥೆಯನ್ನು ಎರವಲು ತಂದಿದ್ದಾರೆ. ಪಾತ್ರಕ್ಕೆ ಡಾನ್ ಎಂಬ ಹೆಸರೇನೋ ಇದೆ. ಟಿಕೆಟ್ ಕೊಂಡವರು ನೋಡಬಂದದ್ದು ಕ್ಲಿಫ್‌ನನ್ನು. ಕಂಪನಿ ನಾಟಕದ ಕಾಲದಲ್ಲಿ ನಮ್ಮವರೂ ಹೀಗೆಯೇ. ಪಾತ್ರ ಯಾವುದಾದರೂ ಸರಿ, ಮೆಚ್ಚಿನ ನಟ ಹಾಡು ಮುಗಿಸಿದೊಡನೆ ಒನ್ಸ್ ಮೋರ್ ಕೂಗುತ್ತಿದ್ದರು. ಪರಿಚಿತ ದನಿಯೊಂದು ಹೊಸ ವೇಷ ಹಾಕಿ ಮನೆಗೆ ಬಂದಾಗಿನ ಸಲಿಗೆ ಅದು. ಪಾತ್ರಕ್ಕೆ ಏನಾಗುತ್ತದೋ ಎಂಬ ಆತಂಕ ಅಲ್ಲಿ ಹುಟ್ಟುವುದೇ ಇಲ್ಲ.

ಆದರೂ ಇಷ್ಟೇ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

ಬುಧವಾರ

ಗಾಯಕನೇ ನಾಯಕನಾದ ಇನ್ನೊಂದು ಚಿತ್ರ ಹುಡುಕಿ, ಎಲ್ವಿಸ್ ಪ್ರೆಸ್ಲಿಯ ‘ಬ್ಲೂ ಹವಾಯಿ’ ನೋಡಿದೆ. 1961. ಸೈನ್ಯದಿಂದ ಮರಳಿದ ಯುವಕ ಅಪ್ಪನ ಹಣ್ಣಿನ ಕಂಪನಿ ಸೇರಲಾರೆನೆಂದು ಪ್ರವಾಸಿಗರ ಗೈಡ್ ಆಗುತ್ತಾನೆ. ಕಡಲು, ಹೂಮಾಲೆ, ಗಿಟಾರು, ಕೊನೆಗೆ ಮದುವೆ. ತಾಯಿಯಾಗಿ ನಟಿಸಿದ ಆಂಜೆಲಾ ಲ್ಯಾನ್ಸ್‌ಬರಿ ‘ಮಗ’ನಿಗಿಂತ ಬರೀ ಒಂಬತ್ತು ವರ್ಷ ದೊಡ್ಡವರು. ನೋಡುವಾಗ ಅದೂ ಅಡ್ಡಿಯೆನಿಸಲಿಲ್ಲ. ಈ ಚಿತ್ರದ ಹಾಡುಗಳ ಎಲ್‌ಪಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 20 ವಾರ ಮೊದಲ ಸ್ಥಾನದಲ್ಲಿತ್ತು.

ಎಲ್ವಿಸ್ ನಟಿಸಿದ ಕಥಾಚಿತ್ರಗಳು 31. ಸೈನ್ಯಕ್ಕೆ ಹೋಗುವ ಮುನ್ನ ನಾಲ್ಕು, 1960ರಲ್ಲಿ ಬಿಡುಗಡೆಯಾಗಿ ಬಂದ ಮೇಲೆ ಹತ್ತು ವರ್ಷದೊಳಗೆ 27. ಗಂಭೀರ ಪಾತ್ರಗಳ ಹಂಬಲವಿದ್ದ ನಟ ಅವರು. ‘ಫ್ಲೇಮಿಂಗ್ ಸ್ಟಾರ್’ನಲ್ಲಿ ಹಾಡುಗಳನ್ನು ಕಡಿಮೆ ಮಾಡಿ ಅಭಿನಯಕ್ಕೇ ಕೈಹಾಕಿದರು. ಹಣ ತಂದದ್ದು ಹಾಡು ತುಂಬಿದ ‘ಜಿ. ಐ. ಬ್ಲೂಸ್’ ಮತ್ತು ‘ಬ್ಲೂ ಹವಾಯಿ’. ಆಮೇಲೆ ಅದೇ ಅಚ್ಚಿನ ಚಿತ್ರಗಳು ಸಾಲುಗಟ್ಟಿದವು, ಕೆಲವು ವರ್ಷ ಮೂರು ಮೂರು. ಕೆಲಸ ಬೇಡವೆಂದು ಕಡಲಿಗೆ ಓಡುವ ಯುವಕನಾಗಿ ನಟಿಸಿದವರಿಗೆ ಕೆಲಸದಿಂದ ಬಿಡುವಿರಲಿಲ್ಲ.

ಗುರುವಾರ

ಬೀಟಲ್ಸ್ ನಾಲ್ವರ ‘ಎ ಹಾರ್ಡ್ ಡೇಸ್ ನೈಟ್’. 1964, ನಿರ್ದೇಶಕ ರಿಚರ್ಡ್ ಲೆಸ್ಟರ್, ಕಪ್ಪುಬಿಳುಪು. ಫೆಬ್ರವರಿಯಲ್ಲಿ ಅಮೆರಿಕದಲ್ಲಿದ್ದವರು ಮಾರ್ಚಿನಲ್ಲಿ ಚಿತ್ರೀಕರಣಕ್ಕೆ ನಿಂತರು. ಜುಲೈಗೆ ಚಿತ್ರ ತೆರೆಗೆ ಬಂತು. ಕಥೆಯೂ ಅವರದೇ ದಿನಚರಿ: ರೈಲು, ಹೋಟೆಲು, ಟಿವಿ ಸ್ಟುಡಿಯೋ, ಬೆನ್ನಟ್ಟುವ ಅಭಿಮಾನಿಗಳು.

ನಡುವೆ ಒಂದು ದೃಶ್ಯ. ನಾಲ್ವರೂ ಸ್ಟುಡಿಯೋದ ಹಿಂಬಾಗಿಲ ಮೆಟ್ಟಿಲಿಳಿದು ಬಯಲಿಗೆ ಓಡುತ್ತಾರೆ. ಓಡುತ್ತಾರೆ, ಹಾರುತ್ತಾರೆ, ಬೀಳುತ್ತಾರೆ. ಕೆಲವು ಕಡೆ ಕ್ಯಾಮೆರಾ ಆಕಾಶದಿಂದ ನೋಡುತ್ತದೆ. ಹಾಡು ಹಿನ್ನೆಲೆಯಲ್ಲಿದೆ, ತುಟಿ ಅಲುಗಿಸುವ ಕೆಲಸವೂ ಅವರಿಗಿಲ್ಲ. ಆಮೇಲೆ ಒಬ್ಬಾತ ಬಂದು ಇದು ಖಾಸಗಿ ಜಾಗವೆನ್ನುತ್ತಾನೆ. ಆಟ ಮುಗಿಯುತ್ತದೆ.

ನಾಲ್ಕು ಸಲ ನೋಡಿದೆ. ಪ್ರತಿ ಸಲವೂ ಎದೆ ಹಗುರವಾಯಿತು. ಆ ಮನುಷ್ಯ ಬಂದೇ ಬರುತ್ತಾನೆಂದು ಗೊತ್ತಿದ್ದರಿಂದ ಬಯಲು ಮೊದಲಿಗಿಂತ ದೊಡ್ಡದಾಗಿ ಕಂಡಿತು.

ಶುಕ್ರವಾರ

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೆಕ್ಯಾನಿಕ್ಕು ದಿನವೂ ರಿಪೇರಿ ಮಾಡುವ ಬಸ್ಸಿನಲ್ಲೇ ಅಥೆನ್ಸಿಗೆ ಹೋಗುತ್ತಾನೆ. ಯಜಮಾನನ ಮಗ ಕಚೇರಿ ಬಿಟ್ಟು ಕಡಲಂಚಿಗೆ ಬರುತ್ತಾನೆ. ಹಾಡುಗಾರರು ತಾಲೀಮು ತಪ್ಪಿಸಿ ಬಯಲಿಗಿಳಿಯುತ್ತಾರೆ. ಮೂರೂ ರಜೆಯ ಕಥೆಗಳು! ಯಾರೂ ಲೋಕ ಗೆಲ್ಲಲು ಹೊರಡುವುದಿಲ್ಲ. ಬೇಕಾದದ್ದು ಒಂದಿಷ್ಟು ಬಿಡುವು. ಅಷ್ಟು ಪುಟ್ಟ ಆಸೆ ಇರುವುದರಿಂದ ಒಂದು ಹಾಡಿನ ಅಳತೆಯಲ್ಲಿ ಅದು ಪೂರೈಸಿಬಿಡುತ್ತದೆ.

ನೋಡಿದವರ ಕಾಲವನ್ನೂ ನೆನೆದೆ. ಬ್ರಿಟನ್ನಿನಲ್ಲಿ ಯುದ್ಧಕಾಲದ ರೇಷನ್ ಪೂರ್ತಿ ಮುಗಿದದ್ದು 1954ರಲ್ಲಿ. ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುವುದು ನಿಂತದ್ದು 1960ರಲ್ಲಿ. ‘ಸಮ್ಮರ್ ಹಾಲಿಡೇ’ ಬಿಡುಗಡೆಯಾದ 1963ರ ಜನವರಿಯಲ್ಲಿ ಇಂಗ್ಲೆಂಡು 1740ರ ನಂತರದ ಅತಿ ಕಡುಚಳಿಯಲ್ಲಿ ಹೆಪ್ಪುಗಟ್ಟಿತ್ತು. ಚಿತ್ರ ಶುರುವಾಗುವುದು ಕಪ್ಪುಬಿಳುಪಿನಲ್ಲಿ, ಸುರಿಯುವ ಮಳೆಯಲ್ಲಿ. ಆಮೇಲೆ ಬಣ್ಣ ಬರುತ್ತದೆ. ಹಿಮ ತುಳಿದು ಬಂದು, ಒದ್ದೆ ಕೋಟಿನಲ್ಲಿ ಕೂತವರ ಮೇಲೆ ಆ ಬಣ್ಣ ಬಿದ್ದದ್ದನ್ನು ಊಹಿಸಿಕೊಂಡೆ. ಈ ಚಿತ್ರಗಳನ್ನು ಹಗುರ ಎಂದು ತಳ್ಳಿಹಾಕುವವರಿಗೆ ಆ ಕೋಟಿನ ಭಾರ ಗೊತ್ತಿಲ್ಲ.

ಭಾನುವಾರ, ಮತ್ತೆ

ಅತ್ತೆ ತಾವಾಗಿಯೇ ಕೇಳಿದರು. “ಆ ಬಸ್ಸಿನ ಸಿನಿಮಾ ಹಾಕ್ತೀಯೇನೋ?”

ಈ ಸಲ ಅರ್ಧದಲ್ಲಿ ಮಾತು ಬಂತು. “ನಿಮ್ಮ ಮಾವ ಮೂವತ್ತು ವರ್ಷ ಬಸ್ಸು ಓಡಿಸಿದ್ರಲ್ಲ, ಹಬ್ಬಕ್ಕೆ ಅವರು ಮನೇಲಿದ್ದದ್ದೇ ನೆನಪಿಲ್ಲ ನಂಗೆ. ಹಬ್ಬ ಬಂತು ಅಂದ್ರೆ ಎಕ್ಸ್‌ಟ್ರಾ ಬಸ್ಸು. ಊರವರನ್ನೆಲ್ಲ ಅವರವರ ಮನೆಗೆ ಮುಟ್ಟಿಸಿ, ಯಾವುದೋ ಹಳ್ಳೀಲಿ ನೈಟ್ ಹಾಲ್ಟು. ಬಸ್ಸಲ್ಲೇ ಮಲಗೋರು.”

ನಾನು ಏನೂ ಹೇಳಲಿಲ್ಲ. ವಾರವಿಡೀ ಹುಡುಕಿದ್ದು ಅವರ ಬಾಯಲ್ಲಿ ಬಂದಿತ್ತು. ಎಲ್ವಿಸ್ಸೂ ಬೀಟಲ್ಸೂ ಮಾಡಿದ್ದು ಇದನ್ನೇ. ಹಬ್ಬದ ದಿನ ಡ್ಯೂಟಿಯಲ್ಲಿದ್ದು, ಉಳಿದವರನ್ನು ಹಬ್ಬಕ್ಕೆ ಮುಟ್ಟಿಸಿದರು.

ತೆರೆಯ ಮೇಲೆ ಬಸ್ಸು ಹೊರಟಿತು. ಸ್ಟೀರಿಂಗ್ ಹಿಡಿದವನು ಹಾಡುತ್ತಿದ್ದ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಹೊರಡೋದನ್ನ ಇನ್ನೊಂದ್ಸಲ ಹಾಕಪ್ಪ” ಅಂದರು. ಹಾಕಿದೆ.