ಹಾಸು ಕೆಚ್ಚುವ ಬೆರಳುಗಳು

ಮೊಳಕಾಲ್ಮೂರು ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ರೇಷ್ಮೆ ಸೀರೆ. ಅದರ ಅಂಚನ್ನೂ ಬಣ್ಣವನ್ನೂ ನೇಕಾರನ ಕೈಚಳಕವನ್ನೂ ಕೊಂಡಾಡುವವರು ಬಹಳ. ಆದರೆ ಲಾಳಿಯು ಒಮ್ಮೆ ಓಡುವುದಕ್ಕೂ ಮೊದಲು ಮಗ್ಗದ ಬಳಿ ಕುಳಿತು ಒಬ್ಬರು ಮಾಡಿ ಮುಗಿಸಬೇಕಾದ ಕೆಲಸವೊಂದಿದೆ. ಹಳೆಯ ಹಾಸು ತೀರುತ್ತ ಬಂದಾಗ ಅದನ್ನು ಪೂರ್ತಿ ಕಳಚುವುದಿಲ್ಲ. ಹಣಿಗೆಯಲ್ಲಿಯೂ ನೂಲಿನ ಕಣ್ಣುಗಳಲ್ಲಿಯೂ ಅದರ ತುದಿಗಳನ್ನು ಹಾಗೆಯೇ ಉಳಿಸಿ, ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎಂದು ಹೆಸರು. ಈ ಮಾತು ನಮ್ಮ ನಿಘಂಟುಗಳಲ್ಲಿದೆ, ಆಡುವ ಬಾಯಿಗಳು ಮಾತ್ರ ಕಡಿಮೆಯಾಗಿವೆ.

ಚಳ್ಳಕೆರೆ ಸೀಮೆಯ ಕಂಬಳಿ ಮಗ್ಗಗಳನ್ನು ನಾವು ಮಠದ ಪಾಠಶಾಲೆಯ ದಿನಗಳಿಂದಲೂ ಬಲ್ಲೆವು. ಅಲ್ಲಿ ಕುರಿಯ ಉಣ್ಣೆಯ ನೂಲು ದಪ್ಪ, ಹುಣಸೆಬೀಜದ ಗಂಜಿ ಕುಡಿದು ಬಿಗಿಯಾಗಿ ನಿಲ್ಲುವಂಥದು. ಕಡಿದರೆ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಮೊಳಕಾಲ್ಮೂರಿನ ರೇಷ್ಮೆಯ ಲೆಕ್ಕ ಬೇರೆ. ಎಂಟು ಹತ್ತು ಗೂಡುಗಳ ಎಳೆಗಳು ಕೂಡಿ ಒಂದು ಕಚ್ಚಾ ನೂಲಾಗುತ್ತದೆ. ಸಾಮಾನ್ಯ ಬಳಕೆಯ ಅಂತಹ ನೂಲು 9,000 ಮೀಟರು ಉದ್ದವಿದ್ದರೂ ತೂಗುವುದು 20ರಿಂದ 22 ಗ್ರಾಂ ಮಾತ್ರ. ಅಂತಹ ಎರಡನ್ನು ಹುರಿಗೊಳಿಸಿದರೂ ಬಾಗಿಲ ಬೆಳಕಿಗೆ ಹಿಡಿಯದೆ ಕಾಣುವುದು ಕಷ್ಟ. ಅಂಗುಲಕ್ಕೆ ನೂರು ಎಳೆಯೆಂದು ಇಟ್ಟುಕೊಂಡರೆ 48 ಅಂಗುಲದ ಸೀರೆಗೆ 4,800 ಎಳೆಗಳಾದವು. ಒಂದನ್ನು ಕೆಚ್ಚಲು ಐದು ಸೆಕೆಂಡು ಹಿಡಿದರೂ, ತಲೆಯೆತ್ತದೆ ಕುಳಿತರೆ, ಆರು ಗಂಟೆ ನಲವತ್ತು ನಿಮಿಷ. ತಲೆಯೆತ್ತದೆ ಯಾರು ಕೂರಬಲ್ಲರು?

ಒಂದು ಮನೆಯಲ್ಲಿ ಈ ಕೆಲಸವನ್ನು ಬಹಳ ಹೊತ್ತು ಕುಳಿತು ನೋಡಿದೆವು. ಗಾಳಿಗೆ ಎಳೆಗಳು ಕದಡುವುದೆಂದು ಕಿಟಕಿಗೆ ಹಳೆಯ ಪಂಚೆ ಕಟ್ಟಿದ್ದರು. ಬೇಸಗೆಯಾದರೂ ಫ್ಯಾನು ನಿಂತಿತ್ತು. ಆ ತಾಯಿಯ ಎಡಗಡೆ ಹಳೆಯ ಹಾಸು, ಬಲಗಡೆ ಹೊಸದು, ಮಗ್ಗುಲಲ್ಲಿ ಚಿಟಿಕೆ ಬೂದಿ. ಎರಡು ತುದಿಗಳನ್ನು ಜೋಡಿಸಿ ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಹೊಸೆದು, ಹೊಸೆದುದನ್ನು ಎಳೆಯ ಮೇಲೆಯೇ ಮಡಿಸಿ ಮತ್ತೊಮ್ಮೆ ಹೊಸೆದರು, ಅಷ್ಟೇ. ಗಂಟೆಂಬುದಿಲ್ಲ. ಗಂಟು ಹಾಕಿದರೆ ಅದು ಹಣಿಗೆಯ ಹಲ್ಲಿನಲ್ಲಿ ಸಿಕ್ಕಿ ಎಳೆ ಕಡಿಯುತ್ತದೆ. ಸಡಿಲವಾಗಿ ಹೊಸೆದರೆ ಎಳೆದಾಗ ಬಿಚ್ಚುತ್ತದೆ. ಒಂದರ ಎಳೆ ಪಕ್ಕದ್ದಕ್ಕೆ ಸೇರಿತೋ, ಲಾಳಿಗೆ ದಾರಿ ತೆರೆಯುವಾಗ ಎರಡೂ ತೊಡರಿಕೊಳ್ಳುತ್ತವೆ. ಗಡಿಯಾರ ರಿಪೇರಿಯವನಿಗೆ ಕಣ್ಣಿಗೊಂದು ಗಾಜು, ಕೈಗೊಂದು ಚಿಮುಟ ಉಂಟು. ಇವರಿಗೆ ಇದ್ದುದು ಹತ್ತು ಬೆರಳು.

"ಇಷ್ಟು ಸಣ್ಣ ಎಳೆ ಕಾಣುವುದು ಹೇಗೆ ತಾಯಿ?" ಎಂದು ಕೇಳಿದೆವು.

"ಕಣ್ಣು ಎಲ್ಲಿ ನೋಡ್ತಾವೆ ಸ್ವಾಮಿ, ಬೆರಳೇ ನೋಡ್ತಾವೆ. ಶೇಂಗಾ ಕೀಳಾಕೆ ಹೋದ್ರೆ ಮಾತ್ರ ಎಂಟು ದಿನ ಎಳೆ ಕೈಗೇ ಬರಲ್ಲ" ಎಂದರು.

ಮಾತು ಚಿಕ್ಕದು, ಅದರೊಳಗಿನ ಕಷ್ಟ ಚಿಕ್ಕದಲ್ಲ. ಒರಟಾದ ಚರ್ಮಕ್ಕೆ ರೇಷ್ಮೆ ಸಿಕ್ಕಿಕೊಂಡು ಹರಿಯುತ್ತದೆ. ಈ ಸೀಮೆಯಲ್ಲಿ ಬಡವರಿಗೆ ದಿನಗೂಲಿ ದೊರೆಯುವುದು ಶೇಂಗಾ ಸುಗ್ಗಿಯಲ್ಲಿ. ಹೊಲಕ್ಕೆ ಹೋದರೆ ಕೆಚ್ಚುವ ಕೈ ಕೆಡುತ್ತದೆ. ಕೈ ಕಾಯ್ದುಕೊಂಡರೆ ಸುಗ್ಗಿಯ ಕೂಲಿ ತಪ್ಪುತ್ತದೆ. ಹಾಸು ಬರುವುದಾದರೋ ದಿನವೂ ಅಲ್ಲ. ಮೇಲಾಗಿ ನಲವತ್ತು ದಾಟಿದ ಮೇಲೆ ಹತ್ತಿರದ ನೋಟ ಮಂಜಾಗುವುದು ಎಲ್ಲರಿಗೂ ಇದ್ದದ್ದೇ. ಪುಸ್ತಕ ಓದುವ ನಮ್ಮಂಥವರು ಕೂಡಲೇ ಕನ್ನಡಕ ಮಾಡಿಸಿಕೊಳ್ಳುತ್ತೇವೆ. ಆ ತಾಯಿ ಹಾಕಿಕೊಂಡಿದ್ದುದು ತಮ್ಮ ಯಜಮಾನರ ಹಳೆಯ ಕನ್ನಡಕ, ಒಂದು ಕಡ್ಡಿಯ ಬದಲಿಗೆ ದಾರ. ಅವರವರ ಕಣ್ಣಿಗೆ ಒಪ್ಪುವ ಕನ್ನಡಕವೊಂದು ಈ ಕಸುಬಿಗೆ ಹತ್ತು ವರ್ಷ ಆಯುಷ್ಯ ಕೂಡಿಸಬಲ್ಲದೆಂದು ನಮ್ಮ ಎಣಿಕೆ. ಕಣ್ಣಿನ ಶಿಬಿರ ನಡೆಸುವ ಸಂಘದವರು ನೇಕಾರರ ಬೀದಿಗೂ ಒಮ್ಮೆ ಬರಲಿ.

ಶರಣರ ನಡುವೆ ಜೇಡರ ದಾಸಿಮಯ್ಯನವರಿದ್ದರು, ಮಗ್ಗದವರು. ಕದಿರ ರೆಮ್ಮವ್ವೆಯಿದ್ದರು, ನೂಲುವವರು. ಕಸುಬೇ ಅವರ ಹೆಸರಿನೊಡನೆ ನಿಂತಿದೆ. ಕೆಚ್ಚುವ ಕಸುಬನ್ನು ಹೆಸರಿನಲ್ಲಿ ಹೊತ್ತ ಶರಣೆ ನಮ್ಮ ಓದಿನಲ್ಲಿ ದೊರೆತಿಲ್ಲ. ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಚಪಡನೆಂಬವನು ಕೊನೆಯಲ್ಲಿ ತನ್ನ ಹೆಸರು ಹೇಳಿಕೊಂಡು, 'ಲಿಪಿಕರ' ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಅದು ಉಳಿದಿದೆ. ಕೆಚ್ಚಿದ ಭಾಗವಾದರೋ ಸೀರೆಯಲ್ಲಿ ಉಳಿಯುವುದೇ ಇಲ್ಲ. ಹೊಸೆದ ತುದಿಗಳು ಹಣಿಗೆ ದಾಟಿ ಮುಂದೆ ಬಂದ ಮೇಲೆ ನೇಯ್ಗೆ ಆರಂಭವಾಗುತ್ತದೆ. ಆ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕೈಮಗ್ಗಕ್ಕೆಂದು ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯಿದೆ 1985ರಷ್ಟು ಹಿಂದೆಯೇ ಆಗಿದೆ. ಇವು ಸೀರೆಯ ಹೆಸರನ್ನೂ ಮಗ್ಗವನ್ನೂ ಕಾಯಲು ಹುಟ್ಟಿದವು, ಒಳ್ಳೆಯದೇ. ಕೆಚ್ಚುವವರ ಕೂಲಿಯ ಮಾತು ಮಾತ್ರ ಮನೆಯ ಜಗುಲಿಯಲ್ಲೇ ತೀರ್ಮಾನವಾಗುತ್ತದೆ. ಮನೆಯವರೇ ಕೆಚ್ಚಿದರೆ ಅದಕ್ಕೆ ಕೂಲಿಯೆಂದೇ ಇಲ್ಲ. ಕಾಯಕವೆಂದು ಹೊಗಳಿ ಕೂಲಿಯ ಮಾತು ಬಂದಾಗ ಸುಮ್ಮನಾಗುವುದು ನಮಗೆ ಸರಿಕಾಣದು. ಮದುವೆಯ ಜವಳಿಗೆ ಹೋದಾಗ ಐನೂರು ಬಿಡಿಸಿಕೊಂಡೆವೆಂದು ಹಿಗ್ಗುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆ ಐನೂರು ಅಂಗಡಿಯವನ ಗಂಟಿನಿಂದ ಹೋಗುವುದು ಅಪರೂಪ. ಅದು ಕೆಳಗಿಳಿಯುತ್ತ ನೇಕಾರನನ್ನು ದಾಟಿ ಈ ಬೆರಳುಗಳ ತನಕ ಬರುತ್ತದೆ.

ಆ ಮನೆಯ ಮಗಳು ಚಳ್ಳಕೆರೆಯಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ. ಕೆಚ್ಚುವುದನ್ನು ತಾಯಿ ಕಲಿಸಿಲ್ಲ, ಮಗಳು ಕೇಳಿಯೂ ಇಲ್ಲ. ಅವರ ಬೀದಿಯಲ್ಲಿ ಈಗ ಈ ಕೆಲಸ ಬಲ್ಲವರು ಇನ್ನಿಬ್ಬರು. ಇಬ್ಬರೂ ಅವರಿಗಿಂತ ಹಿರಿಯರು.