ಉಳವಿ ಧೂಳು, 1:35 ಅಳತೆಯಲ್ಲಿ

ಹಾಸ್ಟೆಲ್ ರೂಮಿನಲ್ಲಿ ನಾವು ಮೂವರು ಸೇರಿ ಕಟ್ಟಿದ ಮೊದಲ ಮಾಡೆಲ್ ಟಿ-55 ಟ್ಯಾಂಕ್. 1971ರ ಯುದ್ಧದಲ್ಲಿ ನಮ್ಮ ಸೇನೆಯೂ ಓಡಿಸಿದ್ದು. ಅಂಟಿಸಿ ಹಸಿರು ಬಳಿದಾಗ ಪಕ್ಕಾ ಆಟಿಕೆ. ನಮ್ಮಲ್ಲೊಬ್ಬನ ಅಜ್ಜ ಟ್ಯಾಂಕ್ ರೆಜಿಮೆಂಟಿನಲ್ಲಿದ್ದವರು, ಈಗ ಉಳವಿಯಲ್ಲಿದ್ದಾರೆ. ರಜೆಗೆ ಹೋದಾಗ ಅವರ ಕೈಗೇ ಕೊಡಬೇಕು. ಆಟಿಕೆ ಕೊಡೋಕಾಗಲ್ಲ.

ಹಳತಾಗಿಸೋದನ್ನ ನಾವು ಕಲಿತದ್ದು ಚನ್ನಬಸವಣ್ಣನ ಜಾತ್ರೆಯಲ್ಲಿ. ಭರತ ಹುಣ್ಣಿಮೆ ಹೊತ್ತಿಗೆ ಧಾರವಾಡ, ಬೆಳಗಾವಿ ಕಡೆಯಿಂದ ಬರೋ ಚಕ್ಕಡಿಗಳನ್ನ ನೋಡಿ: ಗಾಲಿಯ ಕಬ್ಬಿಣದ ಪಟ್ಟಿ ನೆಲಕ್ಕೆ ತಿಕ್ಕಿ ಹೊಳೀತಿರುತ್ತೆ, ಅಚ್ಚಿನ ಸುತ್ತ ಎಣ್ಣೆ ಕುಡಿದ ಧೂಳು ಕಪ್ಪಗೆ ಮೆತ್ತಿರುತ್ತೆ, ಕೈ ತಾಗೋ ಕಡೆ ಬಣ್ಣ ಸವೆದಿರುತ್ತೆ. ಟ್ಯಾಂಕಿಗೂ ಅದೇ ನಿಯಮ. ಟ್ರ್ಯಾಕಿನ ಅಂಚಿಗೆ 6ಬಿ ಪೆನ್ಸಿಲ್ ಉಜ್ಜಿದೆವು. ಸಂದುಗಳಿಗೆ ತೆಳು ಮಾಡಿದ ಕಂದು ಆಯಿಲ್ ಪೇಂಟ್ ಹರಿಸಿದೆವು.

ಧೂಳಿಗೆ ಊರಿನ ಕೆಮ್ಮಣ್ಣೇ. ಆದ್ರೆ ಲೆಕ್ಕ ಇದೆ: ಅರ್ಧ ಮಿಮೀ ಹರಳು ಇಲ್ಲಿ 17.5 ಮಿಮೀ ಜಲ್ಲಿ! ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ, ಮೆತ್ತನೆ ಬ್ರಷ್‌ನಿಂದ ಕೆಳಭಾಗಕ್ಕೆ ಮಾತ್ರ ಹಚ್ಚಿದೆವು.

ತುಕ್ಕಿನ ಬಗ್ಗೆ ಎರಡು ರಾತ್ರಿ ಜಗಳ. ದಿನಾ ಓಡೋ ಟ್ಯಾಂಕಿಗೆ ಮೈತುಂಬ ತುಕ್ಕು ಹಿಡಿಯೋಕೆ ಯಾರು ಬಿಡ್ತಾರೆ? ಕೊನೆಗೆ ಎಡಗಡೆ ಫೆಂಡರಿನ ಎಗ್ಸಾಸ್ಟಿಗಷ್ಟೇ ತುಕ್ಕು, ಮಸಿ. ಅಜ್ಜ ಮೊದಲು ನೋಡೋದು ಅದನ್ನೇ ಅಂತೆ.