ನಮ್ಮೂರ ಮೋಟಾರು ಸಂಘ

ಸಂಘ ಕಟ್ಟುವ ಕೆಲಸ ಗಡಿನಾಡಿನ ಕನ್ನಡಿಗರಿಗೆ ಹೊಸದಲ್ಲ. ಕನ್ನಡದ ನಾಲ್ಕು ಮನೆಗಳಿರುವಲ್ಲಿ ಒಂದು ಭಜನಾ ಮಂಡಳಿ, ಒಂದು ವಾಚನಾಲಯ, ರಾಜ್ಯೋತ್ಸವಕ್ಕೊಂದು ಸಮಿತಿ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಖಜಾಂಚಿ, ಬರೆಯುವ ಕೆಲಸಕ್ಕೆ ಊರಿನ ಉಪಾಧ್ಯಾಯ. ನಮ್ಮ ತಾಳವಾಡಿ ಸೀಮೆಯಲ್ಲಿಯೂ ಇದೇ ಪದ್ಧತಿ. ಆದರೆ ಮೋಟಾರು ಕಾರುಗಳ ಸ್ಪರ್ಧೆಗೆಂದೇ ಇಲ್ಲಿ ಒಂದು ಸಂಘ ಏಳುವುದೆಂದೂ, ಬೈಸಿಕಲ್ಲಿಗಿಂತ ಹೆಚ್ಚಿನ ವಾಹನವನ್ನು ಕಾಣದ ನಾನು ಅದರ ಕಾರ್ಯದರ್ಶಿಯಾಗುವೆನೆಂದೂ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆ ಸಂಘ ಹುಟ್ಟಿದ ಬಗೆಯನ್ನೂ ಅದರಲ್ಲಿ ನಾನು ಕಂಡುಕೊಂಡ ಒಂದು ಮಾತನ್ನೂ ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ಹಳ್ಳಿಗಳಿರುವುದು ಬೆಟ್ಟದ ಮೇಲಿನ ಬಯಲಿನಲ್ಲಿ. ಸತ್ಯಮಂಗಲದ ಕಡೆಯಿಂದ ಬರುವವರು ದಿಂಬಂ ಘಾಟಿಯ ೨೭ ಹೇರ್‌ಪಿನ್ ತಿರುವುಗಳನ್ನು ಹತ್ತಿ ಬರಬೇಕು. ಸುತ್ತಲೂ ಹುಲಿಗಳ ಕಾಡು; ಮೃಗಗಳ ರಕ್ಷಣೆಗಾಗಿ ಆ ದಾರಿಯ ರಾತ್ರಿ ಸಂಚಾರಕ್ಕೆ ೨೦೨೨ರಲ್ಲಿ ನ್ಯಾಯಾಲಯದ ಆಜ್ಞೆಯಂತೆ ನಿರ್ಬಂಧ ಬಂದಿತು. ಘಾಟಿಯನ್ನು ಹತ್ತಿದ ಮೇಲೆ ಮಾತ್ರ ಕೋಸು, ಅರಿಸಿನ, ಚೆಂಡುಹೂವಿನ ಹೊಲಗಳ ನಡುವೆ ನೆಟ್ಟಗೆ ಚಾಚಿದ ದಾರಿಗಳುಂಟು. ಅಂಥ ದಾರಿ ಕಂಡರೆ ಎಳೆಯರ ಮೈಮೇಲೆ ಏನೋ ಬಂದಂತಾಗುತ್ತದೆ. ಐದು ವರ್ಷಗಳ ಹಿಂದೆ ಇಬ್ಬರು ಗೆಳೆಯರು ಒಂದು ಸಂಜೆ ಪಂತ ಕಟ್ಟಿ ಎರಡು ಕಾರುಗಳನ್ನು ಓಡಿಸಿದರು. ಹೊಲದ ಬದಿಯಿಂದ ಕೋಸಿನ ಮೂಟೆ ಹೇರಿದ ಟ್ರಾಕ್ಟರೊಂದು ದಾರಿಗೆ ಬಂದಿತು. ಒಬ್ಬನಿಗೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲವಾಯಿತು. ಇನ್ನೊಬ್ಬನಿಗೆ ಮೈಯಲ್ಲಿ ಒಂದು ಗೀರೂ ಇಲ್ಲ. ಇಬ್ಬರೂ ನನ್ನ ಐದನೆಯ ತರಗತಿಯ ಒಂದೇ ಬೆಂಚಿನಲ್ಲಿ ಕುಳಿತಿದ್ದವರು.

ಗಾಯವಾಗದೆ ಉಳಿದವನು ಈಗ ಊರಿನಲ್ಲಿ ಒಂದು ಗ್ಯಾರೇಜು ನಡೆಸುತ್ತಾನೆ. ಆ ಘಟನೆಯಾಗಿ ಆರು ತಿಂಗಳಾದ ಮೇಲೆ ಒಂದು ಭಾನುವಾರ ಮನೆಗೆ ಬಂದು ಜಗುಲಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತ. ಬಳಿಕ, "ಮೇಷ್ಟ್ರೇ, ಓಡಿಸಬೇಡಿ ಎಂದರೆ ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಓಡಿಸುವುದಕ್ಕೆ ಒಂದು ಜಾಗ, ಒಂದು ದಿನ, ಒಂದು ಲೆಕ್ಕ ಮಾಡಿಕೊಟ್ಟರೆ ಕೇಳಬಹುದು" ಎಂದ.

"ನನ್ನ ಹತ್ತಿರ ಕಾರಿಲ್ಲವಲ್ಲಪ್ಪ?" ಎಂದೆ.

"ಕಾರಿರುವವರು ಒಂಬತ್ತು ಜನ ಇದ್ದಾರೆ. ಗಡಿಯಾರ ನೋಡಿ ಇದ್ದದ್ದನ್ನು ಇದ್ದಂತೆ ಬರೆಯುವವರು ಒಬ್ಬರು ಬೇಕು."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸದಸ್ಯನಾಗಲು ಒಪ್ಪಿದೆ. ಉಪಾಧ್ಯಾಯರ ಸ್ವಭಾವದಂತೆ ಮೊದಲು ಓದಲು ಕುಳಿತೆ.

ಓದಿದಾಗ ತಿಳಿದುದೇನೆಂದರೆ, ಮೋಟಾರು ಸ್ಪರ್ಧೆಯ ಆದಿಯಲ್ಲಿಯೇ ವೇಗಕ್ಕೂ ನಿಯಮಕ್ಕೂ ವ್ಯಾಜ್ಯವಿತ್ತು. ೧೮೯೪ರಲ್ಲಿ ಫ್ರಾನ್ಸಿನ ಒಂದು ಪತ್ರಿಕೆ ಪ್ಯಾರಿಸ್ಸಿನಿಂದ ರೂಆಂ ಪಟ್ಟಣದವರೆಗೆ ಕುದುರೆಯಿಲ್ಲದ ಗಾಡಿಗಳ ಪರೀಕ್ಷೆಯನ್ನು ಏರ್ಪಡಿಸಿತು. ಮೊದಲು ಬಂದುದು ದ ದಿಯೋಂ ಎಂಬ ಶ್ರೀಮಂತನ ಉಗಿಗಾಡಿ. ಆದರೆ ಅದಕ್ಕೆ ಇದ್ದಲು ಹಾಕಲು ಇನ್ನೊಬ್ಬ ಆಳು ಬೇಕಾಗಿದ್ದುದರಿಂದ ಮೊದಲ ಬಹುಮಾನ ಅವನಿಗೆ ದಕ್ಕಲಿಲ್ಲ. ಮರುವರ್ಷ ಪ್ಯಾರಿಸ್ಸಿನಿಂದ ಬೋರ್ಡೋವಿಗೆ ಹೋಗಿ ಹಿಂದಿರುಗುವ ಸುಮಾರು ೧,೨೦೦ ಕಿಲೋಮೀಟರಿನ ಸ್ಪರ್ಧೆಯನ್ನು ಎಮಿಲ್ ಲೆವಾಸರ್ ೪೮ ಗಂಟೆ ೪೮ ನಿಮಿಷಗಳಲ್ಲಿ ಮುಗಿಸಿದನು. ಅವನಿಗೂ ಮೊದಲ ಬಹುಮಾನ ತಪ್ಪಿತು. ನಾಲ್ಕು ಆಸನದ ಗಾಡಿಗೆ ಎಂದು ನಿಯಮವಿತ್ತು, ಅವನದು ಎರಡು ಆಸನದ್ದು. ಈ ಸ್ಪರ್ಧೆಯನ್ನು ನಡೆಸಿದವರೇ ಅದೇ ೧೮೯೫ರ ನವೆಂಬರಿನಲ್ಲಿ ಫ್ರಾನ್ಸಿನ ಆಟೊಮೊಬೈಲ್ ಕ್ಲಬ್ಬನ್ನು ಸ್ಥಾಪಿಸಿದರು. ಎರಡು ವರ್ಷಗಳ ತರುವಾಯ ಇಂಗ್ಲೆಂಡಿನಲ್ಲಿಯೂ ಒಂದು ಕ್ಲಬ್ಬು ಹುಟ್ಟಿತು. ಅದೇ ಇಂದಿನ ರಾಯಲ್ ಆಟೊಮೊಬೈಲ್ ಕ್ಲಬ್.

ಆದರೆ ನಿಯಮವಿದ್ದರೆ ಸಾಲದು, ಅದಕ್ಕೆ ತಕ್ಕ ಜಾಗವೂ ಬೇಕು. ೧೯೦೩ರಲ್ಲಿ ಪ್ಯಾರಿಸ್ಸಿನಿಂದ ಮ್ಯಾಡ್ರಿಡ್ಡಿಗೆ ಸಾರ್ವಜನಿಕರ ದಾರಿಯ ಮೇಲೆಯೇ ಸ್ಪರ್ಧೆ ನಡೆಯಿತು. ದಾರಿಯ ಎರಡು ಬದಿಗೂ ಜನ, ಕಣ್ಣು ಕಾಣದಷ್ಟು ಧೂಳು. ಸ್ಪರ್ಧಿಗಳೂ ನೋಡಲು ನಿಂತವರೂ ಸತ್ತರು. ರೆನೋ ಕಾರುಗಳ ಸಂಸ್ಥೆಯನ್ನು ಕಟ್ಟಿದ ಸೋದರರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಕೂಡ ಸತ್ತವರಲ್ಲಿ ಒಬ್ಬ. ಸರಕಾರ ಆ ಸ್ಪರ್ಧೆಯನ್ನು ಬೋರ್ಡೋವಿನಲ್ಲಿಯೇ ನಿಲ್ಲಿಸಿತು. ಊರಿನಿಂದ ಊರಿಗೆ ತೆರೆದ ದಾರಿಯಲ್ಲಿ ಓಡುವ ಪದ್ಧತಿ ಹಿಂದೆ ಸರಿದು, ಜನರನ್ನು ದೂರವಿರಿಸಿದ ಮುಚ್ಚಿದ ಪಥಗಳ ಪದ್ಧತಿ ಮುಂದೆ ಬಂದಿತು. ನಮ್ಮ ನಾಡಿನಲ್ಲಿಯೂ ಹಾಗೆಯೇ. ೧೯೫೩ರಲ್ಲಿ ಸ್ಥಾಪಿತವಾದ ಮದರಾಸಿನ ಮೋಟಾರು ಕ್ರೀಡಾ ಸಂಘದವರು ಯುದ್ಧಕಾಲದ ವಿಮಾನಗಳು ಬಿಟ್ಟುಹೋದ ಶೋಳವರಂ ಓಡುದಾರಿಯಲ್ಲಿ ಸ್ಪರ್ಧೆಗಳನ್ನು ನಡೆಸಿದರು. ೧೯೯೦ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ತಮ್ಮದೇ ಪಥವನ್ನು ತೆರೆದರು. ಮುಂದೆ ೨೦೦೫ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗೆ ಇಳಿದ ಮೊದಲ ಭಾರತೀಯ ನಾರಾಯಣ ಕಾರ್ತಿಕೇಯನ್ ನಮ್ಮ ನೆರೆಯ ಕೊಯಮತ್ತೂರಿನವರೇ.

ನಮ್ಮದು ಅಷ್ಟು ದೊಡ್ಡ ಸಂಗತಿಯಲ್ಲ. ತಮಿಳುನಾಡಿನ ೧೯೭೫ರ ಸಂಘಗಳ ನೋಂದಣಿ ಕಾಯಿದೆಯಂತೆ ಕನಿಷ್ಠ ಏಳು ಜನ ಬೇಕು. ನಾವು ಹನ್ನೊಂದು ಜನ ಕಲೆತೆವು. ಅರ್ಜಿಗಳನ್ನು ತಮಿಳಿನಲ್ಲಿ ಬರೆದೆವು. ನಡಾವಳಿ ಪುಸ್ತಕವನ್ನು ಕನ್ನಡದಲ್ಲಿ ಇಟ್ಟೆವು. ಮೊದಲ ಪುಟದಲ್ಲಿ ಬರೆದ ನಿಯಮಗಳು ನಾಲ್ಕು. ಮೊದಲನೆಯದು, ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಕಲಮಿನಂತೆ, ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಓಡಿಸುವುದು ಅಪರಾಧ. ಓಡಿಸಿದ ಸದಸ್ಯನ ಹೆಸರನ್ನು ಅಂದೇ ತೆಗೆಯತಕ್ಕದ್ದು. ಎರಡನೆಯದು, ಆಂಬುಲೆನ್ಸ್ ಬಂದು ನಿಲ್ಲುವವರೆಗೆ ಯಾವ ಇಂಜಿನ್ನೂ ಶುರುವಾಗಕೂಡದು. ಮೂರನೆಯದು, ಹೊಸ ಸದಸ್ಯನು ಒಂದು ಸ್ಪರ್ಧೆಯಲ್ಲಿ ಬಾವುಟ ಹಿಡಿದ ಮೇಲೆಯೇ ಮುಂದಿನದರಲ್ಲಿ ಕಾರು ಓಡಿಸಬಹುದು. ನಾಲ್ಕನೆಯದು, ಬಾವುಟದವನು ಕಂಡದ್ದೇ ಪ್ರಮಾಣ.

ಸ್ಪರ್ಧೆಗಳಲ್ಲಿ ಹಲವು ಬಗೆಗಳುಂಟು. ಉಪಾಧ್ಯಾಯರಿಗೆ ಬಹಳ ಮೆಚ್ಚುಗೆಯಾಗುವಂಥದು ಕಾಲ, ವೇಗ, ದೂರಗಳ ರ್ಯಾಲಿ. ಇದರಲ್ಲಿ ಗೆಲ್ಲುವವನು ಬೇಗ ಬಂದವನಲ್ಲ, ಸರಿಯಾದ ಹೊತ್ತಿಗೆ ಬಂದವನು. ೭ ಕಿಲೋಮೀಟರನ್ನು ಗಂಟೆಗೆ ೩೦ರಂತೆಯೂ ಮುಂದಿನ ೯ ಕಿಲೋಮೀಟರನ್ನು ಗಂಟೆಗೆ ೩೬ರಂತೆಯೂ ಸಾಗಬೇಕೆಂದಿದ್ದರೆ, ಮೊದಲಿನದಕ್ಕೆ ೧೪ ನಿಮಿಷ, ಎರಡನೆಯದಕ್ಕೆ ೧೫ ನಿಮಿಷ. ೯ ಗಂಟೆ ೧೦ ನಿಮಿಷಕ್ಕೆ ಹೊರಟವನು ೯ ಗಂಟೆ ೩೯ ನಿಮಿಷಕ್ಕೆ ತಲಪಬೇಕು. ತಡವಾದರೂ ದಂಡ, ಬೇಗನಾದರೂ ದಂಡ. ಎಷ್ಟೋ ಸ್ಪರ್ಧೆಗಳಲ್ಲಿ ಬೇಗ ಬಂದುದಕ್ಕೇ ದಂಡ ಹೆಚ್ಚು. ಚಾಲಕನ ಪಕ್ಕದಲ್ಲಿ ಕುಳಿತವನು ದಾರಿಪುಸ್ತಕವನ್ನು ಓದಿ ಹೇಳಬೇಕು. ಅದರಲ್ಲಿ ಒಂದು ಚುಕ್ಕಿ, ಒಂದು ಬಾಣ: ಚುಕ್ಕಿ ನೀನಿರುವ ಜಾಗ, ಬಾಣ ನೀನು ಹೋಗಬೇಕಾದ ಕಡೆ. ಈ ಲೆಕ್ಕಗಳನ್ನು ನನ್ನ ತರಗತಿಯ ಮಕ್ಕಳಿಗೆ ಕೊಟ್ಟಾಗ, ರೈಲುಗಾಡಿಯ ಲೆಕ್ಕಕ್ಕೆ ಆಕಳಿಸುವವರು ಕೂಡ ಪಾಟಿಯನ್ನು ಮುಂದಕ್ಕೆ ಚಾಚಿ ಉತ್ತರ ತೋರಿಸಿದರು.

ನಮ್ಮ ಮೊದಲ ಸ್ಪರ್ಧೆ ಮಾತ್ರ ಕೊಯ್ಲಾದ ಒಂದು ಖಾಲಿ ಹೊಲದಲ್ಲಿ ನಡೆದ ಆಟೊಕ್ರಾಸ್. ಹೊಲದ ಯಜಮಾನರ ಒಪ್ಪಿಗೆ ಪಡೆದು, ಠಾಣೆಗೆ ಮೊದಲೇ ತಿಳಿಸಿದ್ದೆವು. ಶಾಲೆಯ ಕ್ರೀಡಾದಿನಕ್ಕೆ ಎಳೆಯುವಂತೆ ಸುಣ್ಣದ ಪುಡಿಯಿಂದ ಪಥವನ್ನು ಎಳೆದವನು ನಾನು. ತಿರುವುಗಳಲ್ಲಿ ಕೆಂಪು ಕೋನುಗಳು. ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದೊಡನೆ ಮಾತ್ರ ಪೈಪೋಟಿ. ಕೋನು ಬಿದ್ದರೆ ೫ ಸೆಕೆಂಡು ದಂಡ. ಕಡೆಯ ತಿರುವಿನಿಂದ ದೂರದಲ್ಲಿ, ಹಗ್ಗದ ಹಿಂದೆ, ಮರದ ಕುರ್ಚಿಯ ಮೇಲೆ ಬಾವುಟ ಹಿಡಿದು ಕುಳಿತಿದ್ದವನು ಕಾಲು ಕಳೆದುಕೊಂಡ ನನ್ನ ಹಳೆಯ ವಿದ್ಯಾರ್ಥಿ. ತಾನಾಗಿ ಕೇಳಿ ಪಡೆದ ಕೆಲಸ ಅದು.

ಅಂದಿನ ಆಂಬುಲೆನ್ಸಿನ ಬಾಡಿಗೆಯನ್ನು ಕೊಟ್ಟವರು ಊರಿನ ಒಬ್ಬ ಸಾಹುಕಾರರು. ಅವರ ಮಗ ಹೊಸ ಕಾರಿನಲ್ಲಿ ೧ ನಿಮಿಷ ೧೨ ಸೆಕೆಂಡಿಗೆ ಸುತ್ತು ಮುಗಿಸಿದ, ಚಪ್ಪಾಳೆ ಮುಗಿಲಿಗೇರಿತು. ಅಷ್ಟರಲ್ಲಿ ಕಡೆಯ ತಿರುವಿನಲ್ಲಿ ಬಾವುಟ ಮೇಲೆದ್ದಿತ್ತು. ದಂಡ ಸೇರಿ ೧ ನಿಮಿಷ ೧೭ ಸೆಕೆಂಡು. ಹಳೆಯ ಮಾರುತಿ ೮೦೦ರಲ್ಲಿ ೧ ನಿಮಿಷ ೧೫ ಸೆಕೆಂಡು ತೆಗೆದುಕೊಂಡಿದ್ದ ಅರಿಸಿನ ಬೆಳೆಗಾರರೊಬ್ಬರ ಮಗಳು ಮೊದಲಿಗಳಾದಳು.

ಸಾಹುಕಾರರು ಮೇಜಿನ ಬಳಿಗೆ ಬಂದರು. "ಒಂದು ಕೋನು ಬಿದ್ದರೆ ಮಹಾ ಏನಾಯಿತು? ಅಲ್ಲಿರುವುದು ಬರೀ ಮಣ್ಣು" ಎಂದರು. ಗ್ಯಾರೇಜಿನ ಹುಡುಗ ಫಲಿತಾಂಶದ ಹಾಳೆಯನ್ನು ಹಿಡಿದು ನಿಂತಿದ್ದ. ಅವನ ಗ್ಯಾರೇಜಿಗೆ ಬರುವ ಲಾರಿಗಳಲ್ಲಿ ಅರ್ಧಕ್ಕರ್ಧ ಆ ಸಾಹುಕಾರರವು. ಕುರ್ಚಿಯಿಂದ ಎದ್ದು ಊರುಗೋಲಿನ ಮೇಲೆ ನಿಧಾನವಾಗಿ ಬಂದ ಬಾವುಟದವನು, "ಯಜಮಾನರೇ, ಇವತ್ತು ಅಲ್ಲಿ ಮಣ್ಣಿತ್ತು. ಅವತ್ತು ನಮ್ಮ ಮುಂದೆ ಟ್ರಾಕ್ಟರಿತ್ತು" ಎಂದ. ಮತ್ತೇನೂ ಹೇಳಲಿಲ್ಲ. ಗ್ಯಾರೇಜಿನವನು ಸಹಿ ಹಾಕಿದ. ನಾನು ಕೆಳಗೆ ಸಹಿ ಹಾಕಿದೆ.

ಮರುದಿನದಿಂದ ಆ ಲಾರಿಗಳು ಬೇರೆ ಗ್ಯಾರೇಜಿಗೆ ಹೋದುವು. ಮರುವರ್ಷ ಆಂಬುಲೆನ್ಸಿಗೆ ಹಣ ಕೂಡಲಿಲ್ಲ. ಕೆಲವರು, "ಒಂದು ವರ್ಷ ಅದಿಲ್ಲದೆ ನಡೆಸೋಣ" ಎಂದರು. ನಡಾವಳಿ ಪುಸ್ತಕದ ಮೊದಲ ಪುಟವನ್ನು ಓದಿ ಹೇಳಿದೆ. ಆ ವರ್ಷ ಸ್ಪರ್ಧೆಯನ್ನು ನಡೆಸಲಿಲ್ಲ. ನನ್ನ ಮಟ್ಟಿಗೆ ಸಂಘವು ನಿಜವಾಗಿ ಸ್ಥಾಪನೆಯಾದುದು ಆ ಸಭೆಯಲ್ಲಿ. ಯಾರೋ ಹೊರಗಿನಿಂದ ಹೇರಿದ ನಿಯಮಕ್ಕೆ ತಲೆಬಾಗುವುದು ಬೇರೆ. ತಾವೇ ಬರೆದುಕೊಂಡ ನಿಯಮಕ್ಕಾಗಿ ತಮ್ಮ ಪ್ರಿಯವಾದ ದಿನವನ್ನು ಬಿಟ್ಟುಕೊಡುವುದು ಬೇರೆ. ಇಪ್ಪತ್ತು ದಾಟಿದ ಹುಡುಗರು ಇದನ್ನು ಮಾಡಿದರು. ತಿಂಗಳಿಗೆ ೫೦ ರೂಪಾಯಿಯಂತೆ ಚಂದಾ ಹಾಕಿ ಮೂರನೆಯ ವರ್ಷ ತಮ್ಮ ಹಣದಿಂದಲೇ ಆಂಬುಲೆನ್ಸನ್ನು ತರಿಸಿದರು. ಸಾಹುಕಾರರು ಬರಲಿಲ್ಲ. ಅವರ ಮಗ ಬಂದ. ಚಂದಾ ಬಾಕಿಯನ್ನು ಎಣಿಸಿ ಕೊಟ್ಟು, ಸರದಿಯಲ್ಲಿ ನಿಂತ.

ಊರಿನ ದಾರಿಗಳಲ್ಲಿ ಪಂತದ ಓಟ ಪೂರ್ತಿಯಾಗಿ ನಿಂತಿತೆಂದು ನಾನು ಹೇಳಲಾರೆ. ಆದರೆ ಪಂತಕ್ಕೆ ಕರೆದವನಿಗೆ, "ಹೊಲಕ್ಕೆ ಬಾ, ಮೇಷ್ಟ್ರ ಗಡಿಯಾರ ಹೇಳಲಿ" ಎನ್ನುವ ಮಾತು ಈಗ ಹುಡುಗರ ಬಾಯಲ್ಲಿದೆ.

ಬೇರೆ ಶಾಲೆಗಳ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಹಳೆಯ ವಿದ್ಯಾರ್ಥಿಗಳು ಇಂಥ ಕೋರಿಕೆಯನ್ನು ಹೊತ್ತು ಜಗುಲಿಗೆ ಬಂದರೆ, ಕಾರಿಲ್ಲವೆಂಬ ನೆಪ ಹೇಳಿ ಕಳುಹಿಸಬೇಡಿ. ಸುಣ್ಣದ ಪುಡಿ, ಒಂದು ಗಡಿಯಾರ, ರಟ್ಟು ಹಾಕಿದ ಒಂದು ನಡಾವಳಿ ಪುಸ್ತಕ, ಇವು ನಮ್ಮ ಎಲ್ಲ ಶಾಲೆಗಳಲ್ಲಿಯೂ ಉಂಟು.